ಮೊದಲ ಗುಟುಕು

ಪುಟ್ಟ ಮಗುವಿಗೆ ಮೊದಲ ಸಲ ಕೋಲಾ ಕುಡಿಸಿದವರು ಯಾರು ಎಂದು ಕೇಳಿ ನೋಡಿ. ಯಾವ ಮನೆಯಲ್ಲೂ ಉತ್ತರ ಸಿಗುವುದಿಲ್ಲ. ಮೊದಲ ಹಲ್ಲು ಯಾವಾಗ ಮೂಡಿತು, ಮೊದಲ ಹೆಜ್ಜೆ ಎಲ್ಲಿಟ್ಟಿತು, ಮೊದಲು ‘ಅಮ್ಮ’ ಎಂದಿತೋ ‘ಅಪ್ಪ’ ಎಂದಿತೋ, ಇವೆಲ್ಲ ತಾಯಂದಿರಿಗೆ ತಿಥಿ ವಾರ ಸಹಿತ ನೆನಪಿರುತ್ತದೆ. ಅನ್ನಪ್ರಾಶನಕ್ಕಂತೂ ಪಂಚಾಂಗ ನೋಡಿ, ಬೆಳ್ಳಿ ಬಟ್ಟಲು ತೊಳೆದು, ಸೋದರಮಾವನನ್ನು ಕರೆಸಿ ಪಾಯಸ ನೆಕ್ಕಿಸಿರುತ್ತೇವೆ. ಆದರೆ ಕೋಲಾದ ಮೊದಲ ಗುಟುಕಿಗೆ ಮುಹೂರ್ತವಿಲ್ಲ. ಯಾರದೋ ಮದುವೆಯಲ್ಲಿ, ಯಾರದೋ ತೊಡೆಯ ಮೇಲೆ, ಯಾರದೋ ಲೋಟದಿಂದ ಅದು ನಡೆದುಹೋಗಿರುತ್ತದೆ. ಕೇಳಿದರೆ ಅತ್ತೆ ಸೊಸೆಯ ಕಡೆ ನೋಡುತ್ತಾರೆ, ಸೊಸೆ ಗಂಡನ ಕಡೆ ನೋಡುತ್ತಾಳೆ, ಗಂಡ ಮೊಬೈಲಿನ ಕಡೆ ನೋಡುತ್ತಾನೆ.

ಇದೂ ಒಂದು ದೊಡ್ಡ ವಿಷಯವೇ ಎಂದು ನೀವು ಕೇಳಬಹುದು. ನನಗೆ ದೊಡ್ಡದೆಂದೇ ತೋರುತ್ತದೆ. ಕಳ್ಳತನ, ಸುಳ್ಳುಸಾಕ್ಷಿಯಂಥ ಸಂಗತಿಗಳಲ್ಲಿ ಸರಿ ಯಾವುದು ತಪ್ಪು ಯಾವುದು ಎಂದು ಹೇಳಲು ಕಾನೂನಿದೆ, ಹಿರಿಯರಿದ್ದಾರೆ. ಮಗುವಿನ ಬಾಯಿಗೆ ಏನು ಹಾಕಬೇಕು ಎಂಬಲ್ಲಿ ಕೇಳುವವರು ಯಾರೂ ಇಲ್ಲ. ಕೊಡುವ ಕೈ ನಮ್ಮದು, ತೀರ್ಮಾನವೂ ನಮ್ಮದೇ. ತನ್ನ ಪರವಾಗಿ ಮಾತಾಡಲಾರದ ಒಂದು ಜೀವದ ಮೇಲೆ ನಮಗೆ ಪೂರ್ತಿ ಅಧಿಕಾರವಿರುವಾಗ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದು ಸಣ್ಣ ಪ್ರಶ್ನೆಯೇನಲ್ಲ. ನಾನಿಲ್ಲಿ ಮಾತಾಡುತ್ತಿರುವುದು ಐದು ವರ್ಷದೊಳಗಿನ ಮಕ್ಕಳ ಬಗ್ಗೆ. ಹತ್ತನೇ ತರಗತಿಯ ಹುಡುಗರು ಕ್ರಿಕೆಟ್ ಮುಗಿಸಿ ಬಂದು ಒಂದು ಬಾಟಲಿ ಹಂಚಿಕೊಂಡು ಕುಡಿದರೆ ಅದು ಬೇರೆಯೇ ಮಾತು.

ನಾನು ಹುಟ್ಟಿದ್ದು 1970ರಲ್ಲಿ, ಸಾಗರದ ಕಡೆ. ನಮಗೆ ಗ್ಯಾಸ್ ತುಂಬಿದ ಪಾನೀಯ ಎಂದರೆ ಗೋಲಿ ಸೋಡಾ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ. ಜಾತ್ರೆಯಲ್ಲಿ ಸೋಡಾ ಗಾಡಿಯವನು ಹೆಬ್ಬೆರಳಿನಿಂದ ಗೋಲಿಯನ್ನು ಒತ್ತಿ ‘ಟಪ್’ ಎನ್ನಿಸುವುದನ್ನು ನೋಡುವುದೇ ಒಂದು ಆಟ. ಒಳಗಿನ ಗಾಳಿಯ ಒತ್ತಡವೇ ಗೋಲಿಯನ್ನು ಕುತ್ತಿಗೆಯ ರಬ್ಬರಿಗೆ ಒತ್ತಿ ಹಿಡಿದು ಬಾಟಲಿಯನ್ನು ಮುಚ್ಚುವ ಈ ಉಪಾಯಕ್ಕೆ 1872ರಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಎಂಬಾತ ಪೇಟೆಂಟ್ ಪಡೆದಿದ್ದ. ನಮಗೆ ಅದೆಲ್ಲ ಏನು ಗೊತ್ತು? ಅಪ್ಪ ಒಂದು ಬಾಟಲಿಯನ್ನು ನಾಲ್ಕು ಮಕ್ಕಳಿಗೆ ಹಂಚುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಎರಡು ಗುಟುಕು, ಮೂಗಿಗೇರಿದ ಗಾಳಿ, ಆಮೇಲೆ ಒಂದು ತೇಗು. ಕಂಕುಳಲ್ಲಿದ್ದ ತಮ್ಮನಿಗೆ ಅದೂ ಇಲ್ಲ.

ಆ ಕಾಲ ಒಳ್ಳೆಯದಿತ್ತು, ಈ ಕಾಲ ಕೆಟ್ಟಿತು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಅಪ್ಪ ಹಂಚಿದ್ದು ಆರೋಗ್ಯದ ಜ್ಞಾನದಿಂದಲ್ಲ, ಜೇಬಿನಲ್ಲಿ ಕಾಸಿಲ್ಲದ್ದರಿಂದ. 1977ರಲ್ಲಿ ಕೋಕಾ ಕೋಲಾ ದೇಶ ಬಿಟ್ಟು ಹೋಯಿತು, 1993ರಲ್ಲಿ ಮರಳಿ ಬಂತು. ನಡುವಿನ ವರ್ಷಗಳಲ್ಲಿ ಗೋಲ್ಡ್ ಸ್ಪಾಟ್, ಥಮ್ಸ್ ಅಪ್, ಲಿಮ್ಕಾಗಳಿದ್ದವು. ಸಿರಿವಂತರ ಮದುವೆಯಲ್ಲಿ ಐಸ್ ತುಂಬಿದ ಟಬ್ಬಿನಲ್ಲಿ ಆ ಬಾಟಲಿಗಳನ್ನು ನೋಡಿದ ನೆನಪು ನನ್ನ ವಯಸ್ಸಿನವರಿಗೆಲ್ಲ ಇರುತ್ತದೆ. 2003ರ ಹೊತ್ತಿಗೆ 200 ಮಿಲಿಲೀಟರಿನ ಬಾಟಲಿ 5 ರೂಪಾಯಿಗೆ ಸಿಗುತ್ತದೆಂದು ಟಿ.ವಿ.ಯಲ್ಲಿ ಸಿನಿಮಾ ನಟರೇ ಬಂದು ಹೇಳತೊಡಗಿದರು. ಈಗ 10 ರೂಪಾಯಿಯ ಪ್ಲಾಸ್ಟಿಕ್ ಬಾಟಲಿ ಸಿಗದ ಹಳ್ಳಿಯಿಲ್ಲ. ಮೂರು ವರ್ಷಕ್ಕೊಮ್ಮೆ ಬರುತ್ತಿದ್ದ ಜಾತ್ರೆ ಈಗ ಬೀದಿ ಕೊನೆಯ ಅಂಗಡಿಯ ಫ್ರಿಜ್ಜಿನಲ್ಲಿ ದಿನವೂ ನಡೆಯುತ್ತಿದೆ. ನಮ್ಮನ್ನು ಕಾದದ್ದು ಬಡತನ. ಈಗಿನ ಮಕ್ಕಳನ್ನು ಕಾಯಲು ಬಡತನವೂ ಸಾಲದು. ಕಾಯುವುದಿದ್ದರೆ ದೊಡ್ಡವರ ತಿಳಿವಳಿಕೆಯೇ ಕಾಯಬೇಕು.

ಹಾಗಾದರೆ ತಿಳಿವಳಿಕೆ ಏನು ಹೇಳುತ್ತದೆ? ನಮ್ಮ ಎಂಟನೇ ತರಗತಿಯ ಮಕ್ಕಳ ಕೈಯಲ್ಲಿ ಒಮ್ಮೆ ಲೆಕ್ಕ ಹಾಕಿಸಿದೆ. ಕೋಲಾದ ಬಾಟಲಿಯ ಮೇಲೆ 100 ಮಿಲಿಲೀಟರಿಗೆ ಇಷ್ಟು ಗ್ರಾಂ ಸಕ್ಕರೆ ಎಂದು ಇರುವೆ ಗಾತ್ರದ ಅಕ್ಷರದಲ್ಲಿ ಇರುತ್ತದೆ. ಹೆಚ್ಚುಕಡಿಮೆ 10 ಗ್ರಾಂ. ಅಂದರೆ 200 ಮಿಲಿಲೀಟರಿಗೆ 20 ಗ್ರಾಂ, ಚಹಾ ಚಮಚದಲ್ಲಿ ಮಟ್ಟಸವಾಗಿ ಅಳೆದರೆ ಐದು ಚಮಚ. ಒಂದು ತಟ್ಟೆಯಲ್ಲಿ ಐದು ಚಮಚ ಸಕ್ಕರೆ ಹಾಕಿ ಮೇಜಿನ ಮೇಲಿಟ್ಟಾಗ ಮಕ್ಕಳು ಸುಮ್ಮನಾದರು. ಒಂದು ಲೋಟ ಹಾಲಿಗೆ ಐದು ಚಮಚ ಸಕ್ಕರೆ ಹಾಕುವ ತಾಯಿ ನಮ್ಮ ಊರಿನಲ್ಲಿ ಒಬ್ಬಳೂ ಇರಲಿಕ್ಕಿಲ್ಲ. ಕೋಲಾದಲ್ಲಿ ಅಷ್ಟು ಸಿಹಿ ನಾಲಿಗೆಗೆ ಗೊತ್ತಾಗದಿರುವುದು ಏಕೆಂದರೆ ಅದರ ಜೊತೆಗೆ ಹುಳಿಯಿದೆ, ಗಾಳಿಯಿದೆ, ತಣ್ಣಗಿದೆ. ಅದೇ ಬಾಟಲಿಯನ್ನು ಮುಚ್ಚಳ ತೆಗೆದು ಒಂದು ದಿನ ಹೊರಗಿಟ್ಟು ಕುಡಿದು ನೋಡಿ, ಬರೀ ಪಾಕ.

ಇನ್ನೊಂದು ಲೆಕ್ಕವನ್ನು ತಾಯಂದಿರೇ ಹಾಕಬಹುದು. ಎರಡೂವರೆ ಮೂರು ವರ್ಷದ ಮಗು ಸುಮಾರು 12 ಕಿಲೋ ತೂಗುತ್ತದೆ. ದೊಡ್ಡವರು 60 ಕಿಲೋ ಎನ್ನಿ. ಮಗುವಿನ ಮೈಗೆ ಒಂದು ಸಣ್ಣ ಬಾಟಲಿ ಎಂದರೆ ನಮ್ಮ ಮೈಗೆ ಐದು ಬಾಟಲಿ, ಅಂದರೆ ಒಂದು ಲೀಟರು. ಅಷ್ಟನ್ನು ಒಂದೇ ಸಲಕ್ಕೆ ನಮ್ಮ ಮುಂದೆ ಯಾರಾದರೂ ಇಟ್ಟರೆ ‘ಅಯ್ಯೋ, ಸಾಕಪ್ಪ’ ಎನ್ನುತ್ತೇವೆ. ಆ ವಯಸ್ಸಿನ ಮಗುವಿಗೆ ದಿನಕ್ಕೆ ಬೇಕಾಗುವುದು ಸುಮಾರು ಸಾವಿರ ಕ್ಯಾಲೊರಿ. ಅದರಲ್ಲಿ ಹೊರಗಿನಿಂದ ಸೇರಿಸಿದ ಸಕ್ಕರೆಯ ಪಾಲು ನೂರಕ್ಕೆ ಹತ್ತನ್ನು ಮೀರಬಾರದು, ಐದರೊಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಗ್ರಾಮಿನಲ್ಲಿ ಹೇಳುವುದಾದರೆ ಹೆಚ್ಚೆಂದರೆ 25, ಮೇಲಾದದ್ದು 12ರ ಆಸುಪಾಸು. ಒಂದು ಸಣ್ಣ ಬಾಟಲಿಯಲ್ಲಿ 20 ಆಗಿಯೇ ಹೋಯಿತು. ಬಿಸ್ಕತ್ತು, ಚಾಕೊಲೇಟು, ಅಜ್ಜಿ ಕೊಟ್ಟ ಉಂಡೆ, ಹಾಲಿನ ಸಕ್ಕರೆ ಇವೆಲ್ಲ ಇನ್ನೂ ಲೆಕ್ಕಕ್ಕೆ ಬರಬೇಕು. ಪುಟ್ಟ ಹೊಟ್ಟೆ ಅದರಲ್ಲೇ ತುಂಬಿದರೆ ಮಗು ಅನ್ನದ ತಟ್ಟೆ ದೂಡುತ್ತದೆ. ‘ನಮ್ಮ ಮಗು ಊಟವೇ ಮಾಡುವುದಿಲ್ಲ’ ಎಂದು ಗೋಳಾಡುವವರು ಊಟಕ್ಕೆ ಒಂದು ಗಂಟೆ ಮೊದಲು ಏನು ಕೊಟ್ಟೆವೆಂದು ಸ್ವಲ್ಪ ನೆನಪಿಸಿಕೊಳ್ಳಬೇಕು.

ಹಲ್ಲಿನ ಮಾತೂ ಇದೆ. ಕೋಲಾದ ಹುಳಿ ಹೆಚ್ಚುಕಡಿಮೆ ನಿಂಬೆರಸದ ಹುಳಿಯಷ್ಟೇ. ಅದನ್ನು ಸಕ್ಕರೆ ಮುಚ್ಚಿಟ್ಟಿರುತ್ತದೆ ಅಷ್ಟೇ. ಹಾಲುಹಲ್ಲಿನ ಹೊರಪದರ ನಮ್ಮ ಹಲ್ಲಿಗಿಂತ ತೆಳ್ಳಗೆ. ಹುಳಿ ಅದನ್ನು ಮೆತ್ತಗೆ ಮಾಡುತ್ತದೆ, ಸಕ್ಕರೆ ಹುಳುಕಿನ ಕೀಟಾಣುಗಳಿಗೆ ಔತಣ ಹಾಕುತ್ತದೆ. ಕಪ್ಪು ಬಣ್ಣದ ಕೋಲಾದಲ್ಲಿ ಕಾಫಿಯಲ್ಲಿರುವ ಕೆಫೀನೇ ಇದೆ, 200 ಮಿಲಿಲೀಟರಿಗೆ ಸುಮಾರು 20 ಮಿಲಿಗ್ರಾಂ. ಮೂರು ವರ್ಷದ ಮಗುವಿಗೆ ಕಾಫಿ ಬೇಡ ಎನ್ನುವ ಮನೆಯಲ್ಲೇ ಕೋಲಾ ಕೊಡುತ್ತಾರೆ. ಸಕ್ಕರೆಯೇ ಇಲ್ಲದ ‘ಡಯೆಟ್’ ಬಾಟಲಿ ಕೊಡಬಹುದಲ್ಲ ಎಂದರೆ ಅದೂ ಬೇಡ. 2019ರಲ್ಲಿ ಅಮೆರಿಕದ ಮಕ್ಕಳ ವೈದ್ಯರು, ಮಕ್ಕಳ ದಂತವೈದ್ಯರು, ಹೃದಯದ ಆರೋಗ್ಯದವರು, ಪೋಷಣೆಯ ತಜ್ಞರು, ಹೀಗೆ ನಾಲ್ಕು ಸಂಸ್ಥೆಗಳು ಒಟ್ಟಾಗಿ ಐದು ವರ್ಷದೊಳಗಿನವರಿಗೆ ಸಕ್ಕರೆ ಪಾನೀಯವೂ ಬೇಡ, ಕೃತಕ ಸಿಹಿಯ ಪಾನೀಯವೂ ಬೇಡ, ನೀರು ಮತ್ತು ಹಾಲು ಸಾಕು ಎಂದವು. ಅದೇ ವರ್ಷ ನಮ್ಮ ದೇಶದ ಮಕ್ಕಳ ವೈದ್ಯರ ಅಕಾಡೆಮಿಯೂ ಇಂಥ ಪಾನೀಯಗಳನ್ನು ಮಕ್ಕಳಿಂದ ಆದಷ್ಟೂ ದೂರವಿಡಿ ಎಂದು ಮಾರ್ಗಸೂಚಿ ಕೊಟ್ಟಿತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. ವಿದೇಶಿ ಕೋಲಾ ಕೆಟ್ಟದ್ದು, ನಮ್ಮ ಪಾನಕ ಪವಿತ್ರ ಎಂದು ವಾದಿಸುವವರ ಸಾಲಿನಲ್ಲಿ ನಾನಿಲ್ಲ. ರಾಮನವಮಿಯ ಪಾನಕವನ್ನು ನಾನೂ ಎರಡು ಲೋಟ ಕುಡಿಯುತ್ತೇನೆ. ಆದರೆ ಬೆಲ್ಲವೂ ಸಿಹಿಯೇ. ಮೈಗೆ ಹೋದ ಮೇಲೆ ಅದು ದೇಶ ಭಾಷೆ ನೋಡುವುದಿಲ್ಲ. ಪಾನಕ ವರ್ಷಕ್ಕೊಮ್ಮೆ ಬರುತ್ತದೆ, ಹಬ್ಬದ ಜೊತೆ ಬರುತ್ತದೆ, ಬಂದಂತೆಯೇ ಹೋಗುತ್ತದೆ. ಅಷ್ಟೇ ಅದರ ದೊಡ್ಡತನ. ದಿನವೂ ಬಾಟಲಿಯಲ್ಲಿ ತುಂಬಿಸಿ ಮಗುವಿಗೆ ಕೊಟ್ಟರೆ ಪಾನಕವೂ ಕೋಲಾದ ತಮ್ಮನೇ. ಪೊಟ್ಟಣದ ಹಣ್ಣಿನ ರಸದ ಕಥೆಯೂ ಬೇರೆಯಲ್ಲ. ನಮ್ಮ ಕಡೆಯಂತೂ ಕೋಲಾ, ಕಿತ್ತಳೆ ಬಣ್ಣದ ನೀರು, ಮಾವಿನ ಬಾಟಲಿ ಎಲ್ಲಕ್ಕೂ ‘ಜ್ಯೂಸ್’ ಎಂದೇ ಹೆಸರು. ‘ಪಾಪುಗೆ ಸ್ವಲ್ಪ ಜ್ಯೂಸ್ ಕೊಡಿ’ ಎಂದರೆ ಕೇಳಿದವರ ಕಣ್ಣಿಗೆ ಹಣ್ಣೇ ಕಾಣಬೇಕು. ಹೆಸರು ಬದಲಾದರೆ ಅರ್ಧ ಆತಂಕ ಕಳೆಯುತ್ತದೆ.

ಚಿಕ್ಕಂದಿನ ಸಿಹಿ ದೊಡ್ಡವರಾದ ಮೇಲೆ ಏನು ಮಾಡುತ್ತದೆ ಎಂಬುದಕ್ಕೆ ಇತಿಹಾಸವೇ ಒಂದು ಪರೀಕ್ಷೆ ನಡೆಸಿದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನಲ್ಲಿ ಸಕ್ಕರೆಗೆ ರೇಷನ್ ಬಂತು. ಅದು ಮುಗಿದದ್ದು 1953ರ ಸೆಪ್ಟೆಂಬರಿನಲ್ಲಿ. ಮುಗಿದ ಕೂಡಲೇ ಜನ ತಿನ್ನುವ ಸಕ್ಕರೆ ಸುಮಾರು ಇಮ್ಮಡಿಯಾಯಿತು. ರೇಷನ್ ಇದ್ದಾಗ ಹುಟ್ಟಿದವರನ್ನೂ ಮುಗಿದ ಮೇಲೆ ಹುಟ್ಟಿದವರನ್ನೂ ಸಂಶೋಧಕರು ಹೋಲಿಸಿ ನೋಡಿ 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ತಾಯಿಯ ಗರ್ಭದಲ್ಲಿದ್ದಾಗಿನಿಂದ ಎರಡು ವರ್ಷ ತುಂಬುವವರೆಗೆ ಸಕ್ಕರೆ ಕಡಿಮೆ ಸಿಕ್ಕವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವ ನೂರಕ್ಕೆ ಸುಮಾರು 35ರಷ್ಟು, ರಕ್ತದೊತ್ತಡದ ಸಂಭವ ಸುಮಾರು 20ರಷ್ಟು ಕಡಿಮೆಯಾಗಿತ್ತು. ಆ ಮಕ್ಕಳು ಯಾರೂ ಸಂಯಮ ಮಾಡಿದವರಲ್ಲ, ಅವರ ತಾಯಂದಿರಿಗೂ ಬೇರೆ ದಾರಿ ಇರಲಿಲ್ಲ. 2023ರ ಸಮೀಕ್ಷೆಯಂತೆ ಹತ್ತು ಕೋಟಿಗೂ ಹೆಚ್ಚು ಮಂದಿ ಸಕ್ಕರೆ ಕಾಯಿಲೆಯವರಿರುವ ನಮ್ಮ ದೇಶದಲ್ಲಿ ಇದನ್ನು ಓದಿ ಸುಮ್ಮನಿರುವುದು ಕಷ್ಟ.

ಇನ್ನೊಂದು ರೂಢಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಮಗುವಿಗೆ ವಾಂತಿ ಭೇದಿ ಆದಾಗ ‘ಗ್ಯಾಸ್ ಹೋಗಲಿ’ ಎಂದು ಸೋಡಾ, ಬಣ್ಣದ ಪಾನೀಯ ಕುಡಿಸುವವರಿದ್ದಾರೆ. ಇದು ಅಪಾಯ. ಅತಿ ಸಿಹಿ ಕರುಳಿನೊಳಕ್ಕೆ ಇನ್ನಷ್ಟು ನೀರನ್ನು ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಆರೋಗ್ಯ ಕೇಂದ್ರದಲ್ಲಿ ಸಿಗುವ ಓ.ಆರ್.ಎಸ್. ಪುಡಿಯಲ್ಲಿ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್ ಮಾತ್ರ, ಜೊತೆಗೆ ಅಳತೆಯಾದ ಉಪ್ಪುಗಳು. ಕೋಲಾದಲ್ಲಿ ಲೀಟರಿಗೆ ನೂರು ಗ್ರಾಂ ಸಕ್ಕರೆ. ಪೊಟ್ಟಣದ ಸಿಹಿ ಪಾನೀಯಗಳ ಮೇಲೆ ಓ.ಆರ್.ಎಸ್. ಎಂದು ಬರೆದು ಮಾರುವ ಹಾಗಿಲ್ಲ ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿತು. ಅಲ್ಲಿಯವರೆಗೆ ಎಷ್ಟೋ ತಾಯಂದಿರು ಔಷಧವೆಂದು ನಂಬಿ ಅದನ್ನು ಕುಡಿಸಿದ್ದರು.

ಇಷ್ಟೆಲ್ಲ ವೈದ್ಯರ ಮಾತಾಯಿತು. ಆದರೆ ವೈದ್ಯರ ಮಾತಿನಿಂದಲೇ ಬಗೆಹರಿಯುವಂತಿದ್ದರೆ ಪ್ರಶ್ನೆ ಎಂದೋ ಬಗೆಹರಿಯುತ್ತಿತ್ತು. ಮಗುವಿಗೆ ಇದು ಒಳ್ಳೆಯದಲ್ಲ ಎಂದು ಎಲ್ಲರಿಗೂ ಅಷ್ಟಿಷ್ಟು ಗೊತ್ತು. ಗೊತ್ತಿದ್ದೂ ಏಕೆ ಕೊಡುತ್ತೇವೆ?

ಮದುವೆ ಮನೆಗಳಲ್ಲಿ ನಾನು ಹಲವು ಸಲ ನೋಡಿದ್ದೇನೆ. ವರ್ಷ ತುಂಬದ ಮಗು. ಯಾರೋ ಚಿಕ್ಕಪ್ಪನೋ ಮಾವನೋ ಬೆರಳನ್ನು ಲೋಟದಲ್ಲಿ ಅದ್ದಿ ಅದರ ಬಾಯಿಗಿಡುತ್ತಾರೆ. ಗುಳ್ಳೆ ನಾಲಿಗೆಗೆ ಚುಚ್ಚಿ ಮಗು ಮುಖ ಸಿಂಡರಿಸುತ್ತದೆ, ಕಣ್ಣು ಮುಚ್ಚಿ ಮೈ ಜುಂ ಎನ್ನಿಸಿಕೊಳ್ಳುತ್ತದೆ. ಸುತ್ತಲಿನವರೆಲ್ಲ ಗೊಳ್ಳೆಂದು ನಗುತ್ತಾರೆ. ‘ಇನ್ನೊಂದು ಸಲ, ಇನ್ನೊಂದು ಸಲ’ ಎಂದು ಮೊಬೈಲುಗಳು ಮೇಲೇಳುತ್ತವೆ. ಮೂರನೆಯ ಸಲಕ್ಕೆ ಮಗು ತಾನೇ ಬಾಯಿ ಮುಂದೆ ಮಾಡುತ್ತದೆ. ‘ನೋಡಿ, ಕೇಳ್ತಾ ಇದೆ’ ಎಂದು ಮತ್ತೆ ನಗು. ಇದರಲ್ಲಿ ಕೆಟ್ಟ ಮನಸ್ಸು ಯಾರಿಗೂ ಇಲ್ಲ, ಎಲ್ಲರೂ ಮಗುವನ್ನು ಮುದ್ದಿಸುವವರೇ. ಆದರೂ ಆ ಗುಟುಕು ಯಾರ ಸುಖಕ್ಕಾಗಿತ್ತು ಎಂದು ಕೇಳಿಕೊಂಡರೆ ಮಗುವಿನ ಸುಖಕ್ಕೆ ಎಂದು ಹೇಳಲು ನಾಲಿಗೆ ತಡವರಿಸುತ್ತದೆ. ಮಗು ಕೇಳಿರಲಿಲ್ಲ. ಅದಕ್ಕೆ ಅಂಥದ್ದೊಂದು ಇದೆಯೆಂದೇ ಗೊತ್ತಿರಲಿಲ್ಲ.

ನನ್ನ ವಾದವೆಲ್ಲ ನಿಂತಿರುವುದು ಇಲ್ಲಿಯೇ. ಕೇಳಿದ ಮಗುವಿಗೆ ಇಲ್ಲ ಎನ್ನುವುದು ಕಷ್ಟ, ಕೆಲವೊಮ್ಮೆ ಕ್ರೌರ್ಯವೂ ಆದೀತು. ಆದರೆ ಕೇಳದ ಮಗುವಿಗೆ ಕೊಡದಿರುವುದು ಯಾವ ನಷ್ಟವೂ ಅಲ್ಲ. ಎರಡು ವರ್ಷದ ಮಗುವಿಗೆ ಕೋಲಾ ಸಿಗಲಿಲ್ಲವೆಂದು ದುಃಖವಿಲ್ಲ, ನೀರು ಸಿಕ್ಕರೆ ಅದು ನೀರಿನಲ್ಲೇ ಆಟವಾಡಿ ನಗುತ್ತದೆ. ಆಸೆಯನ್ನು ಹುಟ್ಟಿಸುವವರು ನಾವು. ಹುಟ್ಟಿಸಿದ ಮೇಲೆ ‘ಏನು ಮಾಡೋದು, ಹಟ ಮಾಡುತ್ತೆ’ ಎಂದು ದೂರುವವರೂ ನಾವೇ. ಮಗುವಿನಲ್ಲಿ ಒಂದು ಆಸೆಯನ್ನು ಹೊಸದಾಗಿ ನೆಡುವ ಮೊದಲು ಅದನ್ನು ಮುಂದೆ ಹೊತ್ತು ತಿರುಗುವವರು ಯಾರು ಎಂದು ಯೋಚಿಸುವುದು ಕೊಡುವವರ ಧರ್ಮ.

ನಾಲಿಗೆ ಹೇಗೆ ತಯಾರಾಗುತ್ತದೆ ಎಂಬುದನ್ನು ನಾನು ಶಾಲೆಯಲ್ಲೇ ಕಾಣುತ್ತೇನೆ. ನಮ್ಮದು ಒಂದರಿಂದ ಹತ್ತರವರೆಗಿನ ಶಾಲೆ. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಯೋಜನೆ ಶುರುವಾದ ಮೇಲೆ ಮಕ್ಕಳಿಗೆ ತಲಾ 150 ಮಿಲಿಲೀಟರ್ ಬಿಸಿ ಹಾಲು. ಸರದಿಯ ದಿನ ನಾನು ನಿಂತು ನೋಡುತ್ತೇನೆ. ಒಂದನೇ ತರಗತಿಯ ಕೆಲವರು ಗಟಗಟ ಕುಡಿದು ಬಿಳಿ ಮೀಸೆ ಒರೆಸಿಕೊಂಡು ಓಡುತ್ತಾರೆ. ಕೆಲವರು ಲೋಟ ಹಿಡಿದು ‘ಸಪ್ಪೆ ಮಿಸ್’ ಎಂದು ಅಳುಮೋರೆ ಹಾಕುತ್ತಾರೆ. ಹಾಲು ಇಬ್ಬರಿಗೂ ಒಂದೇ ಹಂಡೆಯದು. ಆರು ವರ್ಷದ ಮಗುವಿಗೆ ಸಿಹಿ ಹಾಕದ ಹಾಲು ಸಪ್ಪೆ ಎನ್ನಿಸಬೇಕಾದರೆ ಅದರ ನಾಲಿಗೆಗೆ ಮನೆಯಲ್ಲಿ ಬೇರೆ ಪಾಠವಾಗಿರಬೇಕು. ಶಾಲೆಗೆ ಬರುವ ಮೊದಲೇ ಕಲಿತ ಪಾಠವನ್ನು ಅಳಿಸುವುದು ಎಷ್ಟು ಕಷ್ಟವೆಂದು ಶಿಕ್ಷಕರನ್ನು ಕೇಳಿ.

‘ಬೇಡ ಎಂದಷ್ಟೂ ಆಸೆ ಜಾಸ್ತಿಯಾಗುತ್ತೆ, ಸ್ವಲ್ಪ ಕೊಟ್ಟುಬಿಟ್ಟರೆ ತೀರಿತು’ ಎಂದು ಹೇಳುವವರಿದ್ದಾರೆ. ಅದರಲ್ಲಿ ಸತ್ಯವಿಲ್ಲವೆಂದಲ್ಲ. ಎಂಟು ಹತ್ತು ವರ್ಷದ ಮಗುವಿನ ಮಟ್ಟಿಗೆ ನಾನೂ ಒಪ್ಪುತ್ತೇನೆ. ಅದಕ್ಕೆ ಗೆಳೆಯರಿದ್ದಾರೆ, ಹುಟ್ಟುಹಬ್ಬದ ಪಾರ್ಟಿಗಳಿವೆ. ಎಲ್ಲರ ಮುಂದೆ ಅದೊಂದೇ ಮಗು ಕೈಕಟ್ಟಿ ಕೂರುವಂತೆ ಮಾಡಬಾರದು. ಅರ್ಧ ಲೋಟ ಕುಡಿದರೆ ಆಕಾಶ ಬೀಳುವುದಿಲ್ಲ. ಆದರೆ ಈ ಮಾತನ್ನು ಎರಡು ವರ್ಷದ ಮಗುವಿಗೆ ಅನ್ವಯಿಸಲು ಬರುವುದಿಲ್ಲ. ಕಾಣದ ವಸ್ತುವಿಗೆ ಆಸೆ ಹೆಚ್ಚುವುದು ಹೇಗೆ?

‘ನೀವು ಕುಡಿಯುತ್ತಾ ಮಗುವಿಗೆ ಬೇಡ ಎನ್ನುವುದು ಯಾವ ನ್ಯಾಯ?’ ಎಂಬ ಪ್ರಶ್ನೆಯೂ ಸರಿಯಾದದ್ದೇ. ನಮ್ಮ ತಾಯಂದಿರು ಕಾಫಿಯ ವಿಷಯದಲ್ಲಿ ಅದಕ್ಕೊಂದು ಉಪಾಯ ಕಂಡುಕೊಂಡಿದ್ದರು. ‘ಕಾಫಿ ಕುಡಿದರೆ ಕಪ್ಪಾಗ್ತೀಯ’ ಎನ್ನುತ್ತಿದ್ದರು. ನಾವು ಹೆಣ್ಣುಮಕ್ಕಳಂತೂ ಹೆದರಿ ಲೋಟ ಮುಟ್ಟುತ್ತಿರಲಿಲ್ಲ. ಉಪಾಯ ಫಲಿಸಿತು ನಿಜ, ಆದರೆ ಒಂದು ಲೋಟ ಕಾಫಿ ತಪ್ಪಿಸಲು ಎರಡು ಕೆಟ್ಟ ಪಾಠ ಕಲಿಸಿದಂತಾಯಿತು. ಒಂದು, ದೊಡ್ಡವರು ಸುಳ್ಳು ಹೇಳಬಹುದು. ಎರಡು, ಕಪ್ಪಾಗುವುದು ಎಂದರೆ ಏನೋ ಶಿಕ್ಷೆ. ಈಗ ಕೋಲಾದ ವಿಷಯಕ್ಕೂ ‘ಅದು ಕಹಿ’, ‘ಅದು ದೊಡ್ಡವರ ಔಷಧಿ’ ಎಂದು ಹೇಳುವವರಿದ್ದಾರೆ. ಬೇಡ. ‘ನಿನ್ನ ಹೊಟ್ಟೆ ಇನ್ನೂ ಸಣ್ಣದು, ಇದರಲ್ಲಿ ಸಕ್ಕರೆ ತುಂಬ ಇದೆ, ದೊಡ್ಡವನಾದ ಮೇಲೆ ನೋಡೋಣ’ ಎಂದರೆ ನಾಲ್ಕು ವರ್ಷದ ಮಗುವಿಗೆ ಅರ್ಥವಾಗುತ್ತದೆ. ಹಾಗೆ ಹೇಳಲು ನಾಚಿಕೆಯಾಗುವುದಾದರೆ ಮಗುವಿನ ಮುಂದೆ ಕುಡಿಯದಿರುವುದೇ ಲೇಸು.

ಈ ವಿಷಯದಲ್ಲಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದವಳು ಒಬ್ಬ ತಾಯಿ. ನಾಲ್ಕು ಮನೆಗಳಲ್ಲಿ ಕೆಲಸ ಮಾಡುವವಳು. ಮಗಳು ನಮ್ಮ ಎಂಟನೇ ತರಗತಿಯಲ್ಲಿ, ಮಗನಿಗೆ ನಾಲ್ಕು ವರ್ಷ, ಅಂಗನವಾಡಿಗೆ ಹೋಗುತ್ತಾನೆ. ಸಕ್ಕರೆಯ ಲೆಕ್ಕ ಹಾಕಿದ ದಿನ ಮಗಳು ಮನೆಗೆ ಹೋಗಿ ತಾಯಿಗೆ ವರದಿ ಒಪ್ಪಿಸಿದ್ದಳು. ಪೋಷಕರ ಸಭೆಗೆ ಬಂದಾಗ ತಾಯಿ ಹೇಳಿದಳು: ‘ಅಕ್ಕೋರೇ, ಸಂತೇಲಿ ಅವನು ನೂರು ಕೇಳ್ತಾನೆ. ಸೈಕಲ್ ಕೇಳ್ತಾನೆ, ಬ್ಯಾಟರಿ ಕಾರು ಕೇಳ್ತಾನೆ. ಎಲ್ಲದಕ್ಕೂ ಇಲ್ಲ ಇಲ್ಲ ಅಂತೀನಿ. ಹತ್ತು ರೂಪಾಯಿಗೆ ಇದೊಂದಕ್ಕೆ ಹೂಂ ಅನ್ನೋ ಹಾಗಿದೆ. ಇದಕ್ಕೂ ಬೇಡ ಅಂದ್ರೆ ನಾನು ಅವನಿಗೆ ಯಾವುದಕ್ಕೆ ಹೂಂ ಅನ್ಲಿ?’

ಇದಕ್ಕೆ ಥಟ್ಟನೆ ಕೊಡುವ ಉತ್ತರ ಯಾವ ಪುಸ್ತಕದಲ್ಲೂ ಇಲ್ಲ. ಅನುಕೂಲಸ್ಥ ತಾಯಿ ಕೋಲಾಕ್ಕೆ ಬೇಡ ಎಂದರೆ ಅವಳ ಬಳಿ ಹೂಂ ಎನ್ನಲು ಬೇರೆ ಹತ್ತು ಇವೆ. ಕಥೆ ಪುಸ್ತಕ, ಸೇಬು, ಬಣ್ಣದ ಪೆನ್ಸಿಲು, ರಜೆಯಲ್ಲಿ ಜೋಗಕ್ಕೆ ಕಾರು. ಆಕೆಯ ‘ಬೇಡ’ದಿಂದ ಮಗು ಬಡವಾಗುವುದಿಲ್ಲ. ಈ ತಾಯಿಯ ಕೈಗೆ ಎಟುಕುವ ಬೆಲೆಗೆ ಇರುವ ಸಂತೋಷ ಆ ಬಾಟಲಿಯೊಂದೇ. ಅದನ್ನು ಕಿತ್ತುಕೊಳ್ಳುವ ಹಕ್ಕು ನನಗಿದೆಯೇ? ತಾಯ್ತನ ಗೊತ್ತಿಲ್ಲದವಳು ಎಂಬಂತೆ ಅವಳಿಗೆ ಉಪದೇಶ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಆದರೆ ಅವಳ ಪ್ರೀತಿಯ ಲೆಕ್ಕವನ್ನು ಬೇರೆ ಯಾರೋ ಮೊದಲೇ ಹಾಕಿಟ್ಟಿದ್ದಾರೆ ಎಂಬುದೂ ಅಷ್ಟೇ ನಿಜ. ಅವಳ ಸೆರಗಿನ ಗಂಟಿನಲ್ಲಿ ಹತ್ತು ರೂಪಾಯಿ ಇರಬಲ್ಲದು ಎಂದು ತಿಳಿದವರೇ ಬಾಟಲಿಯ ಗಾತ್ರವನ್ನೂ ಬೆಲೆಯನ್ನೂ ಗೊತ್ತುಮಾಡುತ್ತಾರೆ. 2017ರಲ್ಲಿ ಜಿ.ಎಸ್.ಟಿ. ಬಂದಾಗಿನಿಂದ ಇಂಥ ಪಾನೀಯಗಳ ಮೇಲೆ ಒಟ್ಟು ನೂರಕ್ಕೆ 40 ತೆರಿಗೆಯಿದೆ. ಆದರೂ ಹತ್ತು ರೂಪಾಯಿಗೆ ಕೊಡುವುದು ಅವರಿಗೆ ಸಾಧ್ಯವಾಗುತ್ತದೆ. ಮಾರುವವರಿಗೆ ಒಳಗೆ ಏನಿದೆಯೆಂದು ಗೊತ್ತು, ಕೊಳ್ಳುವ ತಾಯಿಗೆ ಗೊತ್ತಿಲ್ಲ. ಅನ್ಯಾಯ ಇರುವುದು ಅಲ್ಲಿ. ನಾನು ಅವಳಿಗೆ ಬುದ್ಧಿ ಹೇಳಲಿಲ್ಲ. ಮೇಜಿನ ಮೇಲೆ ಕಾಗದ ಹಾಸಿ ಐದು ಚಮಚ ಸಕ್ಕರೆ ಸುರಿದು ತೋರಿಸಿದೆ. ಬಹಳ ಹೊತ್ತು ನೋಡಿದಳು.

‘ಇದನ್ನ ಬಾಟಲಿ ಮೇಲೆ ಬರ್ದಿರಲ್ವಾ ಅಕ್ಕೋರೇ?’

‘ಬರೆದಿರ್ತಾರಮ್ಮ. ಇಂಗ್ಲಿಷಿನಲ್ಲಿ.’

‘ನಂಗೆ ಕನ್ನಡ ಓದೋಕೆ ಬರ್ತದೆ’ ಎಂದಳು.

ಆಹಾರದ ಪೊಟ್ಟಣದ ಮೇಲಿನ ವಿವರ ಇಂಗ್ಲಿಷಿನಲ್ಲಿ ಇಲ್ಲವೇ ಹಿಂದಿಯಲ್ಲಿ ಇದ್ದರೆ ಸಾಕು ಎನ್ನುತ್ತದೆ ನಮ್ಮ ನಿಯಮ. ಬೇರೆ ಭಾಷೆ ಸೇರಿಸುವುದು ಮಾರುವವರ ಇಷ್ಟ. ಜಾಹೀರಾತಿಗಾದರೆ ಅವರಿಗೆ ಅಚ್ಚ ಕನ್ನಡ ಬರುತ್ತದೆ, ಬಸ್ ನಿಲ್ದಾಣದ ಗೋಡೆಯಷ್ಟು ದೊಡ್ಡ ಅಕ್ಷರವೂ ಸಿಗುತ್ತದೆ. ಆ ತಾಯಿ ಮುಂದೆ ಏನು ಮಾಡಿದಳೆಂದು ನಾನು ಕೇಳಲಿಲ್ಲ. ಅದು ಅವಳ ಮಗು, ಅವಳ ತೀರ್ಮಾನ. ತೀರ್ಮಾನ ಅವಳದೇ ಆಗಬೇಕಾದರೆ ಲೆಕ್ಕವೂ ಅವಳ ಕೈಯಲ್ಲಿರಬೇಕು. ಅಷ್ಟನ್ನು ಕೊಡುವುದು ಓದುಬರಹ ಬಲ್ಲ ನಮ್ಮೆಲ್ಲರ ಕೆಲಸ.

ಇನ್ನು ಮಧ್ಯಮ ವರ್ಗದ ನಮ್ಮ ಮನೆಗಳ ಕಷ್ಟ ಬೇರೆ ರೀತಿಯದು. ಇಲ್ಲಿ ತಾಯಿಗೆ ಎಲ್ಲ ಗೊತ್ತಿದೆ, ಆದರೆ ಬೇಡ ಎನ್ನುವ ಧೈರ್ಯ ಸಾಲದು. ನೆಂಟರ ಮನೆಗೆ ಹೋದಾಗ ತಟ್ಟೆಯಲ್ಲಿ ಚಕ್ಕುಲಿ, ಪಕ್ಕದಲ್ಲಿ ಬಣ್ಣದ ಲೋಟ. ಒಂದು ಲೋಟ ಮಗುವಿಗೂ ಸೇರಿ. ಬೇಡ ಎಂದರೆ ‘ಓಹೋ, ಓದಿದವಳು’ ಎಂಬ ನೋಟ. ‘ನಮ್ಮ ಮಕ್ಕಳು ಕುಡಿದು ಬೆಳೆಯಲಿಲ್ವಾ?’ ಎಂಬ ಮಾತು. ಮಗುವಿನ ತಂದೆಯೂ ಅಲ್ಲೇ ಕೂತಿರುತ್ತಾನೆ, ಅವನು ಬೇಡ ಎನ್ನುವುದಿಲ್ಲ. ಹೂಂ ಎಂದು ಒಳ್ಳೆಯವರಾಗುವ ಅವಕಾಶ ಎಲ್ಲರಿಗೂ ಇದೆ. ಬೇಡ ಎಂದು ಕೆಟ್ಟವಳಾಗುವ ಪಾಳಿ ಮಾತ್ರ ತಾಯಿಯದು. ಮಗುವಿನ ಕಣ್ಣಿಗೂ ಅಜ್ಜ ಒಳ್ಳೆಯವನು, ಮಾವ ಒಳ್ಳೆಯವನು, ಅಮ್ಮ ಮಾತ್ರ ಬೈಯುವವಳು.

ಆದ್ದರಿಂದ ನನ್ನ ಈ ಬರಹ ಎಳೆಯ ತಾಯಂದಿರಿಗಿಂತ ನನ್ನ ಓರಗೆಯ ಅತ್ತೆಯರಿಗೆ, ಅಜ್ಜಿಯರಿಗೆ, ಮನೆಗೆ ನೆಂಟರನ್ನು ಕರೆಯುವ ಗೃಹಿಣಿಯರಿಗೆ. ಸೊಸೆಯ ಬಾಯಿಂದ ‘ಬೇಡ’ ಬರುವ ಮೊದಲು ನಾವೇ ‘ಪುಟ್ಟ ಮಗು, ಅದಕ್ಕೆ ಬೇಡ’ ಎಂದುಬಿಟ್ಟರೆ ಸಂಜೆ ಸುಖವಾಗಿ ಕಳೆಯುತ್ತದೆ. ನಮ್ಮ ವಯಸ್ಸಿನವರ ಮಾತಿಗೆ ಯಾರೂ ‘ಓದಿದವಳು’ ಎಂದು ಕೊಂಕು ತೆಗೆಯುವುದಿಲ್ಲ. ವಯಸ್ಸಾದುದರ ಲಾಭವನ್ನು ಹೀಗೂ ಪಡೆಯಬಹುದು.

ಅತಿಥಿ ಸತ್ಕಾರಕ್ಕೂ ಕೊರತೆಯೇನೂ ಆಗುವುದಿಲ್ಲ. ಬಂದವರಿಗೆ ಬೆಲ್ಲ ನೀರು ಕೊಟ್ಟು ದಣಿವಾರಿಸಿದ ನಾಡು ಇದು. ಬೆಲ್ಲದ ಚೂರು ಸಣ್ಣದು, ನೀರಿನ ತಂಬಿಗೆ ದೊಡ್ಡದು. ಆ ಪ್ರಮಾಣದಲ್ಲೇ ಒಂದು ವಿವೇಕವಿತ್ತು. ನಮ್ಮ ಮಲೆನಾಡಿನ ಮನೆಗಳಲ್ಲಿ ಇಂದಿಗೂ ‘ಆಸರಿಗೆ ಎಂತ ಬೇಕು?’ ಎಂದು ಕೇಳುತ್ತಾರೆ. ಕೇಳಿ ಕೊಡುವುದು, ಕೇಳದೆ ಸುರಿಯದಿರುವುದು. ಈ ಮರ್ಯಾದೆಯನ್ನು ಮಗುವಿಗೂ ಸಲ್ಲಿಸಿದರೆ ಆಯಿತು. ಮಗುವಿಗೆ ಹೇಳಲು ಬರದಿದ್ದರೆ ತಾಯಿಯನ್ನು ಕೇಳಬೇಕು, ಅದೂ ಲೋಟ ಮಗುವಿನ ಕಣ್ಣಿಗೆ ಬೀಳುವ ಮೊದಲು, ಒಳಗೆ ಕರೆದು, ಮೆಲ್ಲಗೆ. ನೀರು ಮಜ್ಜಿಗೆ, ಎಳನೀರು, ಹೆಚ್ಚಿದ ಬಾಳೆಹಣ್ಣು ಯಾವ ಮನೆಯಲ್ಲಿ ಸಿಗುವುದಿಲ್ಲ?

ಸರ್ಕಾರವೂ ಕೈಕಟ್ಟಿ ಕೂತಿಲ್ಲ. ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚಿರುವ ಆಹಾರವನ್ನು ಶಾಲೆಯ ಆವರಣದಲ್ಲಿ, ಅದರ ಸುತ್ತ 50 ಮೀಟರಿನೊಳಗೆ ಮಾರಬಾರದೆಂದು 2020ರಲ್ಲಿ ನಿಯಮ ಬಂತು. ಒಳ್ಳೆಯದೇ. ಆದರೆ ಎರಡು ವರ್ಷದ ಮಗು ಶಾಲೆಗೆ ಬರುವುದಿಲ್ಲ, ಅಂಗಡಿಗೂ ತಾನಾಗಿ ಹೋಗುವುದಿಲ್ಲ. ಅದರ ಐವತ್ತು ಮೀಟರಿನೊಳಗೆ ಇರುವವರು ನಾವೇ.

ಒಂದು ದಿನ ಆ ಮಗು ಬೆಳೆದು, ತಾನೇ ಅಂಗಡಿಗೆ ಹೋಗಿ, ತನ್ನ ದುಡ್ಡು ಕೊಟ್ಟು, ತನಗೆ ಬೇಕಾದ ಬಾಟಲಿ ತೆಗೆದು ಕುಡಿಯುತ್ತದೆ. ಕುಡಿಯಲಿ, ಅದು ಅದರ ಸ್ವಾತಂತ್ರ್ಯ. ಆದರೆ ಅಂದು ಅದು ‘ಬೇಕು’ ಎಂದರೂ ‘ಬೇಡ’ ಎಂದರೂ ಆ ಮಾತು ಅದರದ್ದೇ ಆಗಿರಬೇಕು. ಮಾತು ಬಾರದ ವಯಸ್ಸಿನಲ್ಲಿ ಯಾರೋ ನಗುತ್ತ ಬೆರಳಲ್ಲಿ ಅದ್ದಿ ಇಟ್ಟ ರುಚಿ ಅದರ ಪರವಾಗಿ ಮಾತಾಡಬಾರದು. ಅಲ್ಲಿಯವರೆಗೆ, ಬಾಯಾರಿದ ಮಗುವಿಗೆ ಒಂದು ಲೋಟ ನೀರು ಸಾಕು.